ಆ ಏಳು ಚುಕ್ಕಿಗಳು

ಜನವರಿ 9

ಅತ್ತಿಗೆಗೆ,

ಹೀಗೆ ‘ಅತ್ತಿಗೆ’ ಎಂದು ಬರೆಯುವಾಗಲೆಲ್ಲ ಹಲ್ಲಿನ ಸಂದಿಯಲ್ಲಿ ಏನೋ ಸಿಕ್ಕಿಕೊಂಡ ಹಾಗಾಗುತ್ತದೆ. ನಮ್ಮಣ್ಣನನ್ನು ಮದುವೆಯಾಗುವ ಮೊದಲು ನೀನು ಅಂಟು, ನಾನು ಮಣಿ. ನೀನು ದಿನವೆಲ್ಲ ಅಂಟು ದ್ರಾವಣ ಅಳೆಯುತ್ತಿದ್ದೆ, ನಾನು ಪಕ್ಕದ ಕೋಣೆಯ ಕಂಪ್ಯೂಟರಿನಲ್ಲಿ ಮಣಿ ಪೋಣಿಸುತ್ತಿದ್ದೆ. ಒಬ್ಬರೇ ಮೇಷ್ಟ್ರ ಕೈಕೆಳಗೆ ಐದು ವರ್ಷ. ಪದವಿ ಕೈಗೆ ಬಂದ ವಾರವೇ ನೀನು ಸಂಶೋಧನೆಗೆ ದೊಡ್ಡ ನಮಸ್ಕಾರ ಹಾಕಿ ಅಣ್ಣನ ಜತೆ ಹೊರಟುಬಿಟ್ಟೆ. ಅಂದಿನಿಂದ ಹನ್ನೊಂದು ವರ್ಷ ನಾವು ‘ಚೆನ್ನಾಗಿದ್ದೀಯಾ, ಚೆನ್ನಾಗಿದ್ದೀನಿ’ ಬಿಟ್ಟು ಬೇರೆ ಮಾತಾಡಿಲ್ಲ. ಫೋನಿನಲ್ಲಿ ಏನಾದರೂ ಕೇಳಿದರೆ ತಕ್ಷಣ ಅಣ್ಣನ ಕೈಗೆ ಕೊಡುತ್ತೀಯ. ಅದಕ್ಕೇ ಕಾಗದ.

ಮೇಷ್ಟ್ರು ಜೂನ್‌ನಲ್ಲಿ ನಿವೃತ್ತರಾಗುತ್ತಾರೆ. ಅಭಿನಂದನ ಗ್ರಂಥ ಬರುತ್ತಿದೆ, ಸಂಪಾದಕಿ ನಾನು. ಮುಖಪುಟಕ್ಕೆ ನೀನು ಅಳೆದು ಬರೆದ ಗ್ರಾಫಿನ ರೇಖೆ. ಹೊರಗಿನವರಿಗೂ ಅರ್ಥವಾಗಲಿ ಎಂದು ಮುನ್ನುಡಿಯಲ್ಲಿ ಹೀಗೆ ಬರೆದಿದ್ದೇನೆ, ನೋಡು:

‘ದ್ರವದಲ್ಲಿ ಚಿಟಿಕೆಯಷ್ಟು ಪಾಲಿಮರ್ ಕರಗಿಸಿ. ಒಂದೊಂದು ಅಣುವೂ ಸಿಕ್ಕುಸಿಕ್ಕಾದ ನೂಲುಂಡೆ. ಒಂದಕ್ಕೊಂದು ತಾಗದಷ್ಟು ದೂರದಲ್ಲಿ ತೇಲುತ್ತಿರುತ್ತವೆ. ದ್ರವವನ್ನು ಎರಡು ತಟ್ಟೆಗಳ ನಡುವೆ ಇಟ್ಟು ಮೇಲಿನದನ್ನು ಜಾರಿಸಿದರೆ ಉಂಡೆ ಬಿಚ್ಚಿ ನೀಳವಾಗುತ್ತದೆ, ಲಾಗ ಹಾಕುತ್ತದೆ, ಮತ್ತೆ ಮುದುಡುತ್ತದೆ. ಜಾರಿಸುವ ವೇಗ ಏರಿದಂತೆ ದ್ರವದ ಮಂದತನ ಇಳಿಯುತ್ತದೆ. ಅದು ಒಂದೇ ಸಮನೆ ಇಳಿಯುವುದಿಲ್ಲ, ನಡುವೆ ಒಂದು ಮೆಟ್ಟಿಲಿನಂತೆ ನಿಂತು ಮತ್ತೆ ಇಳಿಯುತ್ತದೆ ಎಂದು ಮೊದಲು ಹೇಳಿದವರು ನಮ್ಮ ಮೇಷ್ಟ್ರು. ಅಳೆದು ತೋರಿಸಿದವಳು ಅವರ ಶಿಷ್ಯೆ.’

ತೊಂದರೆ ಏನೆಂದರೆ ಆ ಮೆಟ್ಟಿಲು ನನ್ನ ಕಂಪ್ಯೂಟರ್ ಲೆಕ್ಕದಲ್ಲಿ ಸಿಗುತ್ತಿಲ್ಲ. ಪಿಎಚ್‌ಡಿಯಲ್ಲಿ ಅಣು ಎಂದರೆ ಹತ್ತು ಮಣಿ, ನಡುವೆ ಸ್ಪ್ರಿಂಗು ಎಂದು ಬಗೆದಿದ್ದೆ. ಮಣಿಯ ಗಾತ್ರ ನನ್ನ ಕೈಯಲ್ಲಿತ್ತು. ತಿದ್ದಿ ತಿದ್ದಿ ನಿನ್ನ ರೇಖೆಯ ಮೇಲೆ ಕೂರಿಸಿದೆ. ಈಗ ಇನ್ನೂರು ಮಣಿ. ಒಂದು ಮಣಿ ಅಲುಗಿದಾಗ ಸುತ್ತಲ ದ್ರವ ಅಲುಗಿ ಉಳಿದವನ್ನು ಎಳೆಯುವುದೂ ಲೆಕ್ಕದಲ್ಲಿದೆ. ತಿದ್ದಲು ಒಂದು ಅಂಕಿಯನ್ನೂ ಉಳಿಸಿಕೊಂಡಿಲ್ಲ. ಬೇರೆಯವರು ಅಳೆದಿದ್ದಕ್ಕೆಲ್ಲ ಎರಕ ಹೊಯ್ದಂತೆ ಹೊಂದುತ್ತದೆ. ನಿನ್ನ ರೇಖೆಗೂ ಹೊಂದುತ್ತದೆ, ನಡುವಿನ ಏಳು ಚುಕ್ಕಿ ಬಿಟ್ಟು. ಮೆಟ್ಟಿಲು ಇರುವುದೇ ಆ ಏಳರಲ್ಲಿ.

ನಾಲ್ಕು ತಿಂಗಳಿಂದ ಪ್ರೋಗ್ರಾಮಿನಲ್ಲಿ ಹೇನು ಹೆಕ್ಕಿದ ಹಾಗೆ ತಪ್ಪು ಹೆಕ್ಕುತ್ತಿದ್ದೇನೆ. ಆ ಏಳನ್ನು ಹೇಗೆ ಅಳೆದೆ, ಸ್ವಲ್ಪ ಬಿಡಿಸಿ ಬರೆ. ನಿನ್ನ ನೋಟ್‌ಬುಕ್ಕು ಎಲ್ಲಿದೆ?

ಮಣಿ

*

ಫೆಬ್ರವರಿ 2

ಮಣಿ,

ಕಾಗದ ತಲುಪಿತು. ಉತ್ತರ ತಡವಾಯಿತು, ಕಾರ್ಖಾನೆಯಲ್ಲಿ ಕೆಲಸ ತಲೆಯ ಮೇಲಿದೆ. ಮೂರು ದಿನದಿಂದ ವಾಪಸು ಬಂದ ಬಣ್ಣದ ಡ್ರಮ್ಮುಗಳನ್ನು ತೆರೆಯುತ್ತಿದ್ದೇವೆ. ಒಳಗೆ ಕ್ರಿಮಿ ಸೇರಿ ಬಣ್ಣ ಕೊಳೆತಿದೆ. ಮುಚ್ಚಳ ಎತ್ತಿದರೆ ಕೆಟ್ಟ ಮೊಟ್ಟೆಯ ನಾತ; ಮೇಲೆ ಬೂದು ಕೆನೆ, ಕೆಳಗೆ ನೀರು. ಮನೆಗೆ ಬಂದು ಎರಡು ಸಲ ತಲೆಗೆ ನೀರು ಹಾಕಿಕೊಂಡರೂ ಮೂಗಿನಿಂದ ಹೋಗುವುದಿಲ್ಲ.

ನೋಟ್‌ಬುಕ್ಕು ನಾನು ತಂದಿಲ್ಲ. ಹನ್ನೊಂದು ವರ್ಷದ ಹಿಂದಿನದು, ಯಾರಿಗೆ ನೆನಪಿರುತ್ತದೆ? ಯಾವ ಯಂತ್ರ, ಎಷ್ಟು ಉಷ್ಣತೆ ಎಲ್ಲ ಆಗ ಅಚ್ಚಾದ ಲೇಖನದಲ್ಲೇ ಇದೆಯಲ್ಲ.

ಮುಖಪುಟಕ್ಕೆ ಆ ರೇಖೆ ಬೇಡ. ಮೇಷ್ಟ್ರ ಫೋಟೋ ಹಾಕು, ಅವರಿಗೂ ಖುಷಿಯಾಗುತ್ತದೆ.

ನಿಮ್ಮಣ್ಣ ಕ್ಷೇಮ.

ಅತ್ತಿಗೆ

*

ಫೆಬ್ರವರಿ 21

ಅತ್ತಿಗೆ,

ನೋಟ್‌ಬುಕ್ಕು ಸಿಕ್ಕಿತು. ಪ್ರಯೋಗಾಲಯದ ನೆಲಮಾಳಿಗೆಯ ಸಾಮಾನು ಕೋಣೆ, ಮುರಿದ ಪಂಪುಗಳ ಹಿಂದಿನ ಕಬ್ಬಿಣದ ಬೀರು. ರಟ್ಟು ಬೂಸಲು ಹಿಡಿದು ಕೈಗೆ ಹಸಿಹಸಿ ಅಂಟಿತು. ಪುಟಗಳ ನಡುವೆ ಒಂದು ಜಿರಳೆ ಸತ್ತು ಚಪ್ಪಟೆಯಾಗಿತ್ತು. ಅದರ ಕಾಲು ಕೆರೆದು ತೆಗೆದು ಓದಿದೆ.

ಉಳಿದ ಚುಕ್ಕಿಗಳನ್ನೆಲ್ಲ ನೀನು ಗುಣಾಕಾರದ ಗುರುತು ಹಾಕಿ ಸುತ್ತ ಸೊನ್ನೆ ಬರೆದು ಕೂರಿಸಿದ್ದೀಯ. ಆ ಏಳು ಮಾತ್ರ ಬರೀ ಚುಕ್ಕಿ. ಕಿಟಕಿಯ ಬೆಳಕಿಗೆ ಹಿಡಿದರೆ ಶಾಯಿಯ ಕೆಳಗೆ ಪೆನ್ಸಿಲು ಕಾಣುತ್ತದೆ. ಎದುರು ಪುಟದ ಪಟ್ಟಿಯಲ್ಲಿ ಅದೇ ಏಳು ಸಾಲು ಉಜ್ಜಿ ಅಳಿಸಿದ್ದಾರೆ. ಆದರೂ ಪೆನ್ನು ಒತ್ತಿದ ಗೀರು ಉಳಿದಿದೆ. ಏಳು ಸಲವೂ ಒಂದೇ ಮಾತು: ‘ನಡುಕ. ಓದಲಾಗದು.’ ಅಕ್ಷರ ನಿನ್ನದು.

ಇದೇನು ಅಂತ ಹೇಳು. ಈ ಸಲ ಅಣ್ಣನ ಕೈಗೆ ಕೊಡಬೇಡ.

ಮಣಿ

*

ಮಾರ್ಚ್ 11

ಮಣಿ,

ನೀನು ಓದಿದ್ದು ಸರಿ.

ಆ ವೇಗಗಳಿಗೆ ಬಂದಾಗ ಹಳೆಯ ಯಂತ್ರದ ಬೇರಿಂಗು ಗದಗದ ನಡುಗುತ್ತಿತ್ತು, ಮುಳ್ಳು ಒಂದು ಕಡೆ ನಿಲ್ಲುತ್ತಿರಲಿಲ್ಲ. ಏಳು ಸಾಲಿಗೂ ಅಂಕಿ ಹಾಕದೆ ಅದನ್ನೇ ಬರೆದಿಟ್ಟೆ. ಅದರ ಹಿಂದಿನವೂ ಮುಂದಿನವೂ ನಿಜವಾದ ಅಳತೆಗಳು. ಒಂದು ಮಧ್ಯಾಹ್ನ ಮೇಷ್ಟ್ರು ಬಂದು ನೋಟ್‌ಬುಕ್ಕು ತೆಗೆದುಕೊಂಡು ಹೋದರು. ಚಹಾ ಮುಗಿಸಿ ವಾಪಸು ತಂದಾಗ ಆ ಸಾಲುಗಳು ಅಳಿಸಿದ್ದವು, ಎದುರು ಪುಟದ ಗ್ರಾಫಿನಲ್ಲಿ ಪೆನ್ಸಿಲಿನ ಏಳು ಚುಕ್ಕಿ. ಮೊದಲ ನಾಲ್ಕು ಸಮತಟ್ಟು, ಉಳಿದ ಮೂರು ಕಡಿದಾಗಿ ಇಳಿದು ನನ್ನ ಅಳತೆಗೆ ಸೇರಿದ್ದವು.

“ಸರ್, ಇವನ್ನ ನಾನು ಅಳೆದಿಲ್ಲವಲ್ಲ” ಅಂದೆ.

“ಅಳೆದಿದ್ರೂ ಇಲ್ಲೇ ಬರ್ತಿತ್ತಮ್ಮ. ಕೈಕೊಟ್ಟಿರೋದು ಯಂತ್ರ, ನಿಸರ್ಗ ಅಲ್ಲ. ಮುಂದಿನ ತಿಂಗಳು ಹೊಸ ಬೇರಿಂಗು ಬರುತ್ತೆ, ಆಗ ಖಾತ್ರಿ ಮಾಡ್ಕೊಳ್ಳೋಣ. ಈಗ ಶಾಯಿ ಹಾಕು, ಲೇಖನ ಕಳಿಸೋದಿದೆ.”

ಹಾಕಿದೆ. ಯಾರೂ ನನ್ನ ಕೈ ಹಿಡಿದು ಹಾಕಿಸಲಿಲ್ಲ.

ಬೇರಿಂಗು ಬಂತು. ಅಳೆದೆ. ಮೆಟ್ಟಿಲು ಇರಲಿಲ್ಲ, ಮಣಿ. ಇಳಿಜಾರು, ಬರೀ ಇಳಿಜಾರು. ಅಷ್ಟರಲ್ಲಿ ಲೇಖನ ಅಚ್ಚಾಗಿತ್ತು. ಮೇಷ್ಟ್ರು ಹಾಳೆ ನೋಡಿ “ದ್ರಾವಣ ಹಳೇದಾಗಿದೆ” ಎಂದು ಮಡಿಚಿ ಜೇಬಿಗೆ ಹಾಕಿಕೊಂಡರು. ಅವತ್ತೇ ಸಂಶೋಧನೆ ಸಾಕು ಅನ್ನಿಸಿತು. ಮದುವೆಗೋಸ್ಕರ ಬಿಟ್ಟೆ ಎಂದು ನೀವೆಲ್ಲ ಅಂದುಕೊಂಡಿರಿ. ಅದು ನನಗೂ ಅನುಕೂಲವಾಯಿತು.

ನಿಮ್ಮಣ್ಣನಿಗೆ ಮೊದಲಿಂದ ಗೊತ್ತು.

ಅಂಟು

*

ಮಾರ್ಚ್ 24

ಅಂಟು,

ನಿನ್ನ ಕಾಗದ ಓದಿ ಬಾತ್‌ರೂಮಿಗೆ ಹೋಗಿ ಕಕ್ಕಿದೆ. ಉಪಮೆಯಲ್ಲ. ಬೆಳಗಿನ ಬ್ರೆಡ್ಡು ಹಾಗೇ ಬಂತು. ನಾನು ಮಣಿಯ ಗಾತ್ರ ತಿದ್ದುತ್ತಾ “ಇನ್ನೊಂಚೂರು ಕೂತ್ರೆ ನಿನ್ನ ಮೆಟ್ಟಿಲು ಬಂದೇಬಿಡುತ್ತೆ ಕಣೇ” ಎಂದು ಕುಣಿದಾಗ ನೀನು ಪಕ್ಕದಲ್ಲೇ ನಿಂತು ನಕ್ಕಿದ್ದೆ. ಹೇಗೆ ನಕ್ಕೆ? ಅಣ್ಣ ಪ್ರತಿ ವರ್ಷ ನನ್ನ ಮನೆಗೆ ಬಂದು, ಆ ಮೆಟ್ಟಿಲ ಲೆಕ್ಕಕ್ಕೆ ಬಂದ ನನ್ನ ಪ್ರಶಸ್ತಿ ಪತ್ರದ ಕೆಳಗೆ ಕೂತು ಊಟ ಮಾಡಿ ಹೋಗುತ್ತಿದ್ದನಲ್ಲ, ಅವನಿಗೆ ಅನ್ನ ಹೇಗೆ ಇಳಿಯಿತು?

ಮೇಷ್ಟ್ರ ಕೋಣೆಗೆ ಹೋದೆ. ಅವರು ಚಹಾದಲ್ಲಿ ಬಿಸ್ಕತ್ತು ಅದ್ದುತ್ತಿದ್ದರು. ಅರ್ಧ ಮುರಿದು ಕಪ್ಪಿನೊಳಗೆ ಬಿತ್ತು. ಎರಡು ಬೆರಳು ಇಳಿಸಿ ಆ ಮೆತ್ತನೆ ಮುದ್ದೆಯನ್ನು ತೆಗೆದು ಬಾಯಿಗೆ ಹಾಕಿಕೊಂಡರು. ಅದೇ ಬೆರಳಲ್ಲಿ ನಿನ್ನ ನೋಟ್‌ಬುಕ್ಕಿನ ಪುಟ ತಿರುವಿದರು.

“ಇದನ್ನ ಯಾಕಮ್ಮ ಎತ್ಕೊಂಡು ಬಂದೆ? ಧೂಳು, ಅಲರ್ಜಿ ಆಗುತ್ತೆ.”

“ಈ ಏಳು ನೀವು ಬರೆದಿದ್ದಾ ಸರ್?”

“ನಾನು ಬರೆದೆ, ಅವಳು ಶಾಯಿಯಲ್ಲಿ ತಿದ್ದಿದಳು, ನೀನು ಲೆಕ್ಕ ಹಾಕಿ ತೋರಿಸಿದೆ. ಮೂರು ಜನರ ಕೆಲಸ. ನಿನ್ನ ಹತ್ತು ಮಣಿ ಇಲ್ಲದಿದ್ರೆ ಅದನ್ನ ಯಾರು ನಂಬ್ತಿದ್ರು, ಹೇಳು?”

ಅಂದು ನಕ್ಕರು. ಹಲ್ಲಿಗೆ ಬಿಸ್ಕತ್ತು ಮೆತ್ತಿತ್ತು. ಅವರ ಮುಖಕ್ಕಿಂತ ಹೆಚ್ಚು ಅಸಹ್ಯವಾಗಿದ್ದು ಆ ಮಾತು ನಿಜವಾಗಿದ್ದದ್ದು.

ಇನ್ನೊಂದು ಇದೆ, ನಿನಗೆ ಗೊತ್ತಿಲ್ಲದ್ದು. ಆರು ವರ್ಷದ ಹಿಂದೆ ಇಲ್ಲಿ ಒಬ್ಬಳು ವಿದ್ಯಾರ್ಥಿನಿ ಹೊಸ ಯಂತ್ರದಲ್ಲಿ ಅದೇ ದ್ರಾವಣ ಅಳೆದಳು. ಅವಳಿಗೆ ಮೆಟ್ಟಿಲು ಸಿಗಲಿಲ್ಲ. ಮೇಷ್ಟ್ರು ಅವಳ ಸೀಸೆಗಳೇ ಗಲೀಜು ಎಂದರು. ಪ್ರಯೋಗಾಲಯದವರೆಲ್ಲ ಸೇರಿ ಅವಳಿಗೆ ‘ಕೊಳೆ ಬಾಟ್ಲಿ’ ಎಂದು ಹೆಸರಿಟ್ಟರು, ನಾನೂ ನಕ್ಕೆ. ಪ್ರಬಂಧ ಪರಿಶೀಲಿಸಿದ ಮೂವರಲ್ಲಿ ನಾನೊಬ್ಬಳು. ‘ಮಾದರಿ ಕಲುಷಿತವಾಗಿದೆ, ಅಣುಸರಪಳಿ ತುಂಡಾಗಿದೆ, ಅಳತೆ ನಂಬಲರ್ಹವಲ್ಲ’ ಎಂದು ಸಹಿ ಹಾಕಿದೆ. ಅವಳಿಗೆ ಪದವಿ ಸಿಗಲಿಲ್ಲ.

ಅಚ್ಚು ಮಾಡಿದ ವಿಜ್ಞಾನ ಪತ್ರಿಕೆಗೆ ಬರೆಯುತ್ತೇನೆ, ಲೇಖನ ಹಿಂದಕ್ಕೆ ಪಡೆಯಿರಿ ಎಂದು. ಅಳೆದವಳು ನೀನು, ನಿನ್ನ ಸಹಿ ಬೇಕು.

ಮಣಿ

*

ಏಪ್ರಿಲ್ 15

ನಿಮಗೆ,

ನಿಮ್ಮ ವಿಳಾಸ ಹುಡುಕಲು ಮೂರು ವಾರ ಹಿಡಿಯಿತು. ಆರು ವರ್ಷದ ಹಿಂದೆ ನಿಮ್ಮ ಪ್ರಬಂಧವನ್ನು ತಿರಸ್ಕರಿಸಿದವರಲ್ಲಿ ನಾನೂ ಇದ್ದೆ.

ನಿಮ್ಮ ಅಳತೆ ಸರಿಯಾಗಿತ್ತು. ಯಾವ ರೇಖೆಗೆ ಹೊಂದಲಿಲ್ಲ ಎಂದು ನಿಮ್ಮನ್ನು ತಪ್ಪಿತಸ್ಥೆ ಮಾಡಿದೆವೋ ಅದರ ಮೆಟ್ಟಿಲು ಕೈಯಲ್ಲಿ ಬರೆದದ್ದು. ಆಗ ನನಗೆ ಅದು ಗೊತ್ತಿರಲಿಲ್ಲ. ಹಾಗೆಂದು ಬರೆದು ಸುಮ್ಮನಾಗಬಹುದಿತ್ತು, ಆದರೆ ಅದು ಪೂರ್ತಿ ನಿಜವಲ್ಲ. ನಾನು ನಿಮ್ಮ ಅಳತೆಯ ಪಟ್ಟಿಗಳನ್ನು ತೆರೆಯಲೇ ಇಲ್ಲ. ಚಿತ್ರ ನೋಡಿದೆ, ಮೆಟ್ಟಿಲು ಕಾಣಲಿಲ್ಲ, ಸಹಿ ಹಾಕಿದೆ. ಹತ್ತು ನಿಮಿಷವೂ ಆಗಿರಲಿಲ್ಲ.

ಹಳೆಯ ಲೇಖನ ಹಿಂದಕ್ಕೆ ಪಡೆಯಲು ಬರೆಯುತ್ತಿದ್ದೇನೆ. ನಿಮ್ಮ ಪ್ರಬಂಧವನ್ನು ಮತ್ತೆ ಪರಿಶೀಲಿಸಬೇಕೆಂದು ಸಂಸ್ಥೆಗೂ ಕೇಳಿದ್ದೇನೆ. ನಿಮ್ಮ ಅಳತೆಗಳು ನಿಮ್ಮ ಹತ್ತಿರ ಇವೆಯೇ?

ಕ್ಷಮಿಸಿ ಎಂದು ಬರೆಯಲು ನಾಚಿಕೆಯಾಗುತ್ತದೆ.

ನಿಮ್ಮ ಪರೀಕ್ಷಕರಲ್ಲಿ ಒಬ್ಬಳು

*

ಮೇ 8

ಮೇಡಂ,

ನಿಮ್ಮ ಕಾಗದವನ್ನು ಕೆಲಸದ ಜಾಗದಲ್ಲೇ ಓದಿದೆ. ನಾನು ಈಗ ಚರಂಡಿ ನೀರು ಶುದ್ಧ ಮಾಡುವ ಸ್ಥಾವರದಲ್ಲಿದ್ದೇನೆ. ಊರಿನವರೆಲ್ಲ ಬಚ್ಚಲಿಗೂ ಕಕ್ಕಸಿಗೂ ಸುರಿದದ್ದು ಇಲ್ಲಿಗೆ ಬರುತ್ತದೆ. ಅದಕ್ಕೆ ತೆಳ್ಳಗೆ ಕರಗಿಸಿದ ಪಾಲಿಮರ್ ಬೆರೆಸಿದರೆ ಕೆಸರು ಗಂಟುಕಟ್ಟಿ ಕೆಳಗಿಳಿಯುತ್ತದೆ. ಎಷ್ಟು ಬೆರೆಸಬೇಕು, ಎಷ್ಟು ವೇಗದಲ್ಲಿ ಕಲಕಬೇಕು, ನೋಡುವುದು ನನ್ನ ಕೆಲಸ. ಮೊದಲ ತಿಂಗಳು ಊಟ ಸೇರುತ್ತಿರಲಿಲ್ಲ. ಈಗ ಕೆಸರಿನ ಬಗ್ಗೆ ಹೇಸಿಗೆ ಇಲ್ಲ. ಅದು ತಾನು ಕೆಸರು ಅಂತ ಮುಚ್ಚಿಡುವುದಿಲ್ಲ.

ನನ್ನನ್ನು ಅಲ್ಲಿಂದ ಕಳಿಸಿದಾಗ ನಾನು ನಿಮ್ಮನ್ನು ಬೈಯಲಿಲ್ಲ ಅನ್ನುವುದು ನಿಮಗೆ ಗೊತ್ತಿರಲಿ. ನಿಮ್ಮನ್ನು ನಂಬಿದೆ. ಅಷ್ಟು ಓದಿದವರು ಹೇಳುತ್ತಾರೆಂದರೆ ನನಗೇ ಅಳೆಯಲು ಬರುವುದಿಲ್ಲ ಅಂದುಕೊಂಡೆ. ಆರು ವರ್ಷ ಒಂದೊಂದು ಸೀಸೆಯನ್ನು ಏಳೆಂಟು ಸಲ ತೊಳೆದಿದ್ದೇನೆ. ಜೊತೆಯವರು “ಸಾಕು ಬಿಡ್ರೀ, ಗಾಜು ಸವೆದುಹೋಗುತ್ತೆ” ಅಂತ ನಗುತ್ತಾರೆ. ಮನೆಯಲ್ಲಿ ಮಗುವಿನ ಜ್ವರ ನೋಡಿದರೂ ಗಂಡನ ಕೈಯಲ್ಲಿ ಇನ್ನೊಂದು ಸಲ ನೋಡಿಸುತ್ತೇನೆ.

ಹತ್ತು ನಿಮಿಷ ಅಂತ ಬರೆದಿದ್ದೀರಲ್ಲ, ಅದನ್ನು ಬರೆಯದಿದ್ದರೆ ಒಳ್ಳೆಯದಿತ್ತು. ಈಗ ನಿಮ್ಮ ಪ್ರಾಮಾಣಿಕತೆಯನ್ನೂ ನಾನೇ ಹೊರಬೇಕು.

ಅಳತೆಗಳು ಅಟ್ಟದ ಮೇಲೆ ಎಲ್ಲೋ ಇವೆ. ಅವನ್ನು ಮುಟ್ಟುವ ಮನಸ್ಸಿಲ್ಲ.

ಹಿರಿಯ ಪರೀಕ್ಷಕಿ,
ಕೆಸರು ವಿಭಾಗ

*

ಮೇ 27

ಪ್ರೀತಿಯ ಮಗಳೇ,

ನೀನು ಸಂಪಾದಕತ್ವ ಬಿಟ್ಟೆ ಎಂದು ತಿಳಿದು ಬೇಸರವಾಯಿತು. ಪತ್ರಿಕೆಗೂ ಸಂಸ್ಥೆಗೂ ನೀನು ಬರೆದ ಪತ್ರಗಳ ಪ್ರತಿಗಳು ನನಗೆ ಬಂದಿವೆ. ಶೈಲಿ ಸೊಗಸಾಗಿದೆ, ನಾನು ಕಲಿಸಿದ್ದು ವ್ಯರ್ಥವಾಗಿಲ್ಲ.

ವಿಜ್ಞಾನದಲ್ಲಿ ಎಲ್ಲವೂ ಅಂದಾಜೇ. ನಾನು ಏಳು ಚುಕ್ಕಿ ಅಂದಾಜು ಮಾಡಿದೆ, ನೀನು ಒಂದು ಮಣಿಯ ಗಾತ್ರ ಅಂದಾಜು ಮಾಡಿದೆ. ನಿನ್ನದು ಪಿಎಚ್‌ಡಿ, ನನ್ನದು ಪಾಪ, ಹೀಗೇಕೆ? ನಿನ್ನ ಪದವಿ, ಕೆಲಸ, ಪ್ರಶಸ್ತಿ ಎಲ್ಲ ಆ ಮೆಟ್ಟಿಲ ಮೇಲೇ ನಿಂತಿವೆ. ನಿನ್ನ ಒಳ್ಳೆಯದಕ್ಕೆ ಹೇಳುತ್ತೇನೆ, ಇನ್ನೂ ಸಮಯವಿದೆ.

ನಿವೃತ್ತಿ ಸಮಾರಂಭಕ್ಕೆ ತಪ್ಪದೆ ಬಾ. ಮುಂದಿನ ಸಾಲಿನಲ್ಲಿ ಜಾಗ ಇಡಿಸಿರುತ್ತೇನೆ.

ಸದಾ ನಿನ್ನ ಏಳಿಗೆ ಬಯಸುವ,
ನಿನ್ನ ಮೇಷ್ಟ್ರು

*

ಜೂನ್ 14

ಮಣಿ,

ಸಹಿ ಹಾಕಿ ಕಳಿಸಿದ್ದೇನೆ. ಎರಡೂವರೆ ತಿಂಗಳು ಸತಾಯಿಸಿದೆ. ಅದಕ್ಕೆ ಕೊಡಲು ಕಾರಣವಿಲ್ಲ, ಹೆದರಿಕೆ ಅಷ್ಟೇ. ಮೇಷ್ಟ್ರು ನಿನಗೆ ಬರೆದ ಕಾಗದದ ನಕಲು ಕಳಿಸಿದೆಯಲ್ಲ, ‘ಪ್ರೀತಿಯ ಮಗಳೇ’ ಎನ್ನುವುದನ್ನು ಓದಿದಾಗ ಮೈಮೇಲೆ ಕಂಬಳಿಹುಳ ಹತ್ತಿದ ಹಾಗಾಯಿತು. ಶಾಯಿ ಹಾಕು ಎಂದಾಗಲೂ ನನ್ನನ್ನು ಹಾಗೇ ‘ಅಮ್ಮಾ’ ಎಂದಿದ್ದರು.

ಊಟದ ಮೇಜಿನ ಮೇಲೆ ಕಾಗದ ಹರಡಿಕೊಂಡಾಗ ನಿಮ್ಮಣ್ಣ ಎದುರಿಗೆ ಕೂತಿದ್ದರು.

“ಹನ್ನೊಂದು ವರ್ಷ ಆಯ್ತು. ಈಗ ಕೆದಕಿ ಯಾರಿಗೇನು ಲಾಭ? ಅವಳ ಕೆಲಸ ಹೋಗುತ್ತೆ, ನಿನ್ನ ಮರ್ಯಾದೆ ಹೋಗುತ್ತೆ.”

“ಮರ್ಯಾದೆ ಅವತ್ತೇ ಹೋಗಿದೆ. ಇವತ್ತು ಹೋಗೋದು ಹೆಸರು” ಅಂದೆ.

“ತಂಗಿಗೆ ಹೇಳ್ಬೇಡ ಅಂತ ನನ್ನ ಬಾಯಿ ಕಟ್ಟಿದವಳು ನೀನು.”

“ಹೌದು. ನೀವು ಯಾಕೆ ಕಟ್ಟಿಸ್ಕೊಂಡ್ರಿ?”

ಅವರು ತಟ್ಟೆ ಎತ್ತಿಕೊಂಡು ಒಳಗೆ ಹೋದರು. ನಾಲ್ಕು ದಿನದಿಂದ ಉಪ್ಪು ಕೊಡು, ಬಾಗಿಲು ಹಾಕು ಅಷ್ಟೇ ಮಾತು. ನಿನಗೆ ಫೋನು ಮಾಡಬೇಕು ಎಂದು ಎರಡು ಸಲ ಕೈಗೆತ್ತಿಕೊಂಡು ಇಟ್ಟರು. ಅವರಾಗಿ ಮಾಡಿದರೆ ಬೈಯಿ, ಆದರೆ ಎತ್ತು.

ಕಾರ್ಖಾನೆಯ ಮುಖ್ಯಸ್ಥರಿಗೂ ನಾನೇ ಹೇಳಿದೆ, ಬೇರೆಯವರಿಂದ ತಿಳಿಯುವುದು ಬೇಡ ಎಂದು. ಇನ್ನು ಮೇಲೆ ನನ್ನ ವರದಿಗಳಿಗೆ ಎರಡನೇ ಸಹಿ ಬೇಕಂತೆ. ನನಗಿಂತ ಹತ್ತು ವರ್ಷ ಚಿಕ್ಕವಳ ಮೇಜಿನ ಮುಂದೆ ನಿಂತು ಹಾಕಿಸಿಕೊಂಡು ಬರುತ್ತೇನೆ. ಅವಳು ಒಂದೊಂದು ಅಂಕಿಯ ಮೇಲೂ ಬೆರಳಿಟ್ಟು ನೋಡುತ್ತಾಳೆ. ನೋಡಲಿ.

ಆ ಹುಡುಗಿ ಏಳೆಂಟು ಸಲ ಸೀಸೆ ತೊಳೆಯುವ ವಿಷಯ ನಿನ್ನ ಕಾಗದದಲ್ಲಿ ಓದಿದ ಮೇಲೆ ನನ್ನ ಕೈಯನ್ನು ನೋಡಿಕೊಳ್ಳಲು ಆಗುತ್ತಿಲ್ಲ.

ಅಂಟು

*

ಸೆಪ್ಟೆಂಬರ್ 3

ಅಂಟು,

ಪತ್ರಿಕೆ ಲೇಖನವನ್ನು ಹಿಂದಕ್ಕೆ ಪಡೆದಿದೆ. ಕಾರಣ ಒಂದೂವರೆ ಸಾಲು. ಓದುತ್ತಿದ್ದಂತೆ ಮುಗಿದುಹೋಗುತ್ತದೆ.

ಸಮಾರಂಭ ಜೋರಾಗಿಯೇ ಆಯಿತಂತೆ. ನನ್ನ ಜಾಗಕ್ಕೆ ಬೇರೆಯವರು ಸಂಪಾದಕರಾದರು, ಮುಖಪುಟಕ್ಕೆ ಮೇಷ್ಟ್ರ ಫೋಟೋ ಬಂತು. ಕಾರಿಡಾರಿನಲ್ಲಿ ಸಿಕ್ಕವರು “ಅವರ ವಯಸ್ಸಿಗಾದ್ರೂ ಬೆಲೆ ಕೊಡಬೇಕಿತ್ತು” ಎನ್ನುತ್ತಾರೆ. ಅದೇ ಜನ ಕೋಣೆಯ ಬಾಗಿಲು ಹಾಕಿಕೊಂಡು “ನಮಗೂ ಮೊದಲಿಂದ ಅನುಮಾನ ಇತ್ತು ಬಿಡಿ” ಎನ್ನುತ್ತಾರೆ. ಎರಡನೆಯ ಮಾತು ಕೇಳಿದರೆ ನನಗೆ ಹೆಚ್ಚು ವಾಕರಿಕೆ.

ನನ್ನ ಪದವಿಯನ್ನು ಮರುಪರಿಶೀಲನೆಗೆ ಹಾಕಿದ್ದಾರೆ. ಪಾಠ ಮಾಡುವುದನ್ನು ನಿಲ್ಲಿಸಿದ್ದಾರೆ. ಹೋದರೆ ಹೋಗಲಿ ಎಂದು ಜಂಬದಿಂದ ಬರೆಯಲಾರೆ. ಆ ಹುಡುಗಿಯ ಪ್ರಬಂಧ ಮತ್ತೆ ಪರಿಶೀಲಿಸಲು ಒಪ್ಪಿದ್ದಾರೆ. ಆದರೆ ಅಳತೆಗಳನ್ನು ಅವಳೇ ಕಳಿಸಬೇಕಂತೆ. ಎರಡು ಸಲ ತಿಳಿಸಿದೆ, ಉತ್ತರವಿಲ್ಲ. ಮೂರನೆಯ ಸಲ ಬರೆಯುವುದಿಲ್ಲ. ಅವಳಿಗೆ ಒಳ್ಳೆಯದು ಮಾಡುತ್ತೇನೆಂದು ಬೆನ್ನು ಹತ್ತುವುದೂ ಒಂದು ಗಲೀಜೇ.

ಅಣ್ಣ ಫೋನು ಮಾಡಿದ್ದ. ಎತ್ತಿದೆ. “ಊಟ ಆಯ್ತಾ?” ಅಂದ. “ಆಯ್ತು” ಅಂದೆ. ಇಟ್ಟ.

ನೀನು ಬರೆಯುತ್ತಿರು. ಕ್ಷಮಿಸಿದ್ದೇನೆ ಎಂದಲ್ಲ. ಈಗ ಸುಳ್ಳಿಲ್ಲದೆ ಮಾತಾಡಲು ನನಗೆ ಬೇರೆ ಯಾರೂ ಇಲ್ಲ.

ಮಣಿ

*

ನವೆಂಬರ್ 17

ಮೇಡಂ,

ನಿಮ್ಮ ಎರಡು ಕಾಗದಗಳೂ ಬಂದಿದ್ದವು. ಉತ್ತರ ಬರೆಯುವುದಿಲ್ಲ ಎಂದುಕೊಂಡಿದ್ದೆ.

ನಮ್ಮ ಸ್ಥಾವರಕ್ಕೆ ಆಗಸ್ಟ್‌ನಲ್ಲಿ ಮಂದತನ ಅಳೆಯುವ ಹೊಸ ಯಂತ್ರ ಬಂತು. ಭಾನುವಾರ ಯಾರೂ ಅದನ್ನು ಮುಟ್ಟುವುದಿಲ್ಲ. ಮೇಲಧಿಕಾರಿಯ ಅನುಮತಿ ಪಡೆದು ಅದೇ ಪಾಲಿಮರ್ ತರಿಸಿ, ಅದೇ ದ್ರಾವಣ ಮಾಡಿದೆ. ಮೊದಲ ಭಾನುವಾರ ನಾನು ಅಳೆದೆ. ಎರಡನೆಯ ಭಾನುವಾರ ಪಾಳಿಯ ಜೊತೆಗಾರ್ತಿಗೆ ಏನು ಎತ್ತ ಹೇಳದೆ ಅವಳ ಕೈಯಲ್ಲಿ ಅಳೆಯಿಸಿದೆ. ಮೂರನೆಯ ಭಾನುವಾರ ಮತ್ತೆ ನಾನು. ಕೆಳಗಡೆ ಕೆಸರಿನ ತೊಟ್ಟಿ ಗುಳುಗುಳು ಅನ್ನುತ್ತಿತ್ತು, ಕಿಟಕಿ ಹಾಕಿದರೂ ನಾತ ಒಳಗೆ ಬರುತ್ತಿತ್ತು.

ಮೆಟ್ಟಿಲು ಇಲ್ಲ. ಮೂರು ಸಲವೂ ಇಲ್ಲ. ಆಮೇಲೆ ಮನೆಯ ಅಟ್ಟ ಹತ್ತಿ ಹಳೆಯ ಪಟ್ಟಿ ಇಳಿಸಿ, ಸ್ಥಾವರಕ್ಕೆ ತಂದು ಪಕ್ಕದಲ್ಲಿ ಇಟ್ಟು ನೋಡಿದೆ. ಒಂದರ ಮೇಲೊಂದು ಕೂರುತ್ತವೆ. ನೆಲದ ಮೇಲೇ ಕೂತು ತುಂಬಾ ಹೊತ್ತು ಅತ್ತೆ. ಜೊತೆಗಾರ್ತಿ ಯಾಕ್ರೀ ಯಾಕ್ರೀ ಅಂತ ಗಾಬರಿಯಾದಳು. “ಏನಿಲ್ಲ, ಸರಿಯಾಗಿದೆ” ಅಂದೆ.

ಹಳೆಯದು, ಹೊಸದು ಎರಡನ್ನೂ ಸಂಸ್ಥೆಗೆ ಕಳಿಸಿದ್ದೇನೆ. ಲೇಖನವಾಗಿಯೂ ಬರೆಯುತ್ತಿದ್ದೇನೆ. ನಿಮ್ಮ ಇನ್ನೂರು ಮಣಿಯ ಲೆಕ್ಕವನ್ನು ಜೊತೆಗೆ ಸೇರಿಸಿಕೊಳ್ಳಿ ಎಂದು ಬರೆದಿದ್ದಿರಿ. ಬೇಡ. ಅದು ಸರಿಯಾಗಿಯೇ ಇರಬಹುದು, ನೀವೇ ಬೇರೆಯಾಗಿ ಅಚ್ಚು ಮಾಡಿಸಿ. ನನ್ನ ಅಳತೆ ನಿಲ್ಲಲು ಅದು ಬೇಕಾಗಿಲ್ಲ. ಕೃತಜ್ಞತೆಯ ಸಾಲಿನಲ್ಲಿ ಜೊತೆಗಾರ್ತಿಯ ಹೆಸರಿದೆ, ನಿಮ್ಮದಿಲ್ಲ.

ನಿಮ್ಮ ಮೇಲಿನ ಅಸಹ್ಯ ಹೋಗಿಲ್ಲ, ಹೋಗುತ್ತದೆಂದು ಸುಳ್ಳು ಬರೆಯಲಾರೆ. ಮೊನ್ನೆ ಮಗುವಿಗೆ ಜ್ವರ ಬಂತು. ಒಂದೇ ಸಲ ನೋಡಿದೆ, ನೂರಾ ಒಂದು ಇತ್ತು, ಔಷಧಿ ಕುಡಿಸಿದೆ.

ಹಿರಿಯ ಪರೀಕ್ಷಕಿ,
ಕೆಸರು ವಿಭಾಗ